ನಲವತ್ತೊಂದು ಕಡೆ ‘ತೊಂದರೆಯಿಲ್ಲ’

ನನ್ನ ಸೋದರತ್ತೆ ಹಾಲಿಗೆ ನೀರು ಬೆರೆಸುತ್ತಾಳೆ ಎಂದು ಊರಿಗೆಲ್ಲ ಕಾಣುವ ಹಾಗೆ ಡೈರಿಯ ಬೋರ್ಡಿನ ಮೇಲೆ ಬರೆದದ್ದು ಅಲ್ಲಿಯ ಸೆಕ್ರೆಟರಿ. ಬರೆಯುವ ಹಾಗೆ ಮಾಡಿದ್ದು ನಾನು. ಅದು ನನಗೇ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು, ಗೊತ್ತಾದ ಮೇಲೂ ನಾನು ಬಾಯಿ ಬಿಡಲು ಇನ್ನಷ್ಟು ತಡ ಮಾಡಿದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಂದು ಪಟ್ಟಿಯನ್ನೇ ಕೊಡಬಲ್ಲೆ, ಅದರ ತುದಿಯಲ್ಲಿ ನಾನೇ ಇದ್ದೇನೆ.

ನಾನಿರುವುದು ಪಾಂಡವಪುರದಲ್ಲಿ. ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಹಳ್ಳಿಯ ಡೈರಿಗಳಲ್ಲಿ ಹಾಲು ಪರೀಕ್ಷೆ ಮಾಡುವ ಮಷೀನುಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಮಷೀನಿನ ಪೈಪನ್ನು ಹಾಲಿಗೆ ಅದ್ದಿದರೆ ಅದು ಒಂದಿಷ್ಟು ಹೀರಿಕೊಂಡು ಫ್ಯಾಟು ಎಷ್ಟು, ಡಿಗ್ರಿ ಎಷ್ಟು ಎಂದು ಅಳೆದು ಒಂದು ಸ್ಲಿಪ್ಪು ಕೊಡುತ್ತದೆ. ಡಿಗ್ರಿ ಎಂದರೆ ಹಾಲಿನ ಗಟ್ಟಿತನ. ಅದು ಇಳಿದರೆ ನೀರು ಸೇರಿದೆ ಎಂದು ಅರ್ಥ. ಈ ಮಷೀನಿನ ಹೊಟ್ಟೆಯಲ್ಲಿ ಒಂದು ಪುಟ್ಟ ಕಂಪ್ಯೂಟರಿದೆ. ಅದರ ಆಪರೇಟಿಂಗ್ ಸಿಸ್ಟಮ್ಮಿನ ಎಲ್ಲಕ್ಕಿಂತ ಒಳಗಿನ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅಳೆಯುವ ಸೆನ್ಸರು, ಸ್ಲಿಪ್ಪು ಹೊಡೆಯುವ ಪ್ರಿಂಟರು, ಇವುಗಳ ಜೊತೆ ವ್ಯವಹರಿಸುವ ಕೋಡನ್ನು ಕರ್ನಲ್ಲಿನೊಳಗೆ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಕರೆಂಟು ಇದ್ದರೆ ಬೆಳಿಗ್ಗೆ, ಇಲ್ಲದಿದ್ದರೆ ಬಂದಾಗ.

ಕರ್ನಲ್ಲಿನಲ್ಲಿ ಕೆಲಸಗಳು ಸರದಿಯಲ್ಲಿ ನಡೆಯುವುದಿಲ್ಲ, ಒಂದರ ಮೇಲೊಂದು ಬಿದ್ದು ನಡೆಯುತ್ತವೆ. ಒಂದು ಕಡೆಯಿಂದ ಸೆನ್ಸರು ಅಳತೆಯನ್ನು ಬರೆಯುತ್ತಿರುತ್ತದೆ, ಅದೇ ಗಳಿಗೆಯಲ್ಲಿ ಇನ್ನೊಂದು ಕಡೆಯಿಂದ ಪ್ರಿಂಟರಿನವನು, ಎಂದರೆ ಪ್ರಿಂಟರನ್ನು ನಡೆಸುವ ಕೋಡು, ಅದೇ ಜಾಗವನ್ನು ಓದುತ್ತಿರುತ್ತಾನೆ. ಒಬ್ಬರು ಹಿಟ್ಟಿನ ಡಬ್ಬಿಗೆ ಹಿಟ್ಟು ಸುರಿಯುತ್ತಿರುವಾಗಲೇ ಇನ್ನೊಬ್ಬರು ಅದೇ ಡಬ್ಬಿಯಿಂದ ಅಳೆದುಕೊಂಡ ಹಾಗೆ. ಇದಕ್ಕೆ ಡೇಟಾ ರೇಸ್ ಎಂದು ಹೆಸರು. ಇದನ್ನು ಹಿಡಿಯಲೆಂದೇ ಒಂದು ಸಾಧನವಿದೆ. ಕೋಡು ಓಡುತ್ತಿರುವಾಗ ಅದು ಪಕ್ಕದಲ್ಲಿ ಕಾದು ಕೂತು, ಎಲ್ಲಿ ಇಬ್ಬರು ಡಿಕ್ಕಿ ಹೊಡೆದರೂ ಒಂದು ಪುಟ ದೂರು ಬರೆದಿಡುತ್ತದೆ.

ಆ ಸಾಧನದ ಕಾಟ ಅನುಭವಿಸಿದವರಿಗೇ ಗೊತ್ತು. ಇದುವರೆಗೆ ಪೈಪು ಎಷ್ಟು ಸಲ ಹೀರಿದೆ ಎಂದು ಎಣಿಸುವ ಒಂದು ಲೆಕ್ಕವಿತ್ತು. ಮಷೀನು ಹಳತಾಯಿತೇ ಎಂದು ನೋಡಲು ಬಿಟ್ಟರೆ ಅದು ಯಾತಕ್ಕೂ ಬೇಡ. ಅದರಲ್ಲಿ ಒಂದು ಹೆಚ್ಚುಕಡಿಮೆಯಾದರೆ ಯಾರ ಗಂಟು ಹೋಗುತ್ತದೆ? ಆದರೂ ಅದಕ್ಕೆ ಒಂದು ಪುಟ ದೂರು. ಪರದೆಯ ಮೇಲೆ ಮಿಣುಕುವ ಪುಟ್ಟ ದೀಪಕ್ಕೆ ಒಂದು ಪುಟ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತರೆ ನಲವತ್ತೊಂದು ದೂರುಗಳು ಸಾಲಾಗಿ ನಿಂತಿದ್ದವು. ಒಂದೊಂದನ್ನೂ ಬಿಡಿಸಿ ನೋಡಲು ಅರ್ಧ ದಿನ, ಕೊನೆಗೆ ಸಿಗುವುದು ‘ಇದರಿಂದೇನೂ ತೊಂದರೆಯಿಲ್ಲ’ ಎಂಬ ಉತ್ತರ. ಹತ್ತನೆಯದಕ್ಕೆ ಬರುವಷ್ಟರಲ್ಲಿ ನನಗೆ ತಲೆ ಕೆಟ್ಟುಹೋಗಿತ್ತು.

ಇಂಥ ದೂರಿಗೆ ಮೂರು ಬಗೆಯ ಮದ್ದು ಇದೆ. ಒಂದು, ಬೀಗ ಹಾಕುವುದು: ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಎರಡು, ‘ಇಲ್ಲಿ ಇಬ್ಬರು ಸೇರುವುದು ನನಗೆ ಗೊತ್ತಿದೆ, ಒಂದೇ ಸಲಕ್ಕೆ ಪೂರ್ತಿ ಓದು, ನಿನ್ನ ಜಾಣತನ ತೋರಿಸಬೇಡ’ ಎಂದು, ನಾವು ಬರೆದದ್ದನ್ನು ಮಷೀನಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಗುರುತು ಹಾಕಿ ಹೇಳುವುದು. ಇಲ್ಲದಿದ್ದರೆ ಆ ಮಹಾಶಯ ಒಂದು ಸಲ ಓದಬೇಕಾದ್ದನ್ನು ಎರಡು ಸಲ ಓದಿಯಾನು, ಓದಲೇಬೇಕಾದ್ದನ್ನು ಹಳೆಯ ನೆನಪಿನ ಮೇಲೆ ಬಿಟ್ಟುಬಿಟ್ಟಾನು. ಮೂರನೆಯದು, ಕೋಡನ್ನು ಇದ್ದ ಹಾಗೇ ಬಿಟ್ಟು ಸಾಧನದ ಬಾಯಿ ಮಾತ್ರ ಮುಚ್ಚಿಸುವುದು. ಮೂರನೆಯದು ನಿಜವಾಗಿ ನಿರುಪದ್ರವಿ ಜಾಗಗಳಿಗೆಂದೇ ಇರುವುದು, ತಪ್ಪೇನಲ್ಲ. ಆದರೆ ಅದು ಎಲ್ಲಕ್ಕಿಂತ ಸುಲಭವೂ ಹೌದು. ನಾನು ನಲವತ್ತೊಂದು ಕಡೆಯೂ ಅದನ್ನೇ ಮಾಡಿ, ಪಕ್ಕದಲ್ಲಿ ‘ತೊಂದರೆಯಿಲ್ಲದ ರೇಸ್’ ಎಂದು ಬರೆದೆ. ಬರೆದದ್ದು ಒಂದು ಕಡೆ, ಉಳಿದ ನಲವತ್ತು ಕಡೆ ಅಂಟಿಸಿದ್ದು.

ನಾನು ಬರೆದ ಕೋಡನ್ನು ಓದಿ ಒಪ್ಪಿಗೆ ಕೊಡುವ ಹಿರಿಯರೊಬ್ಬರು ಶ್ರೀರಂಗಪಟ್ಟಣದಲ್ಲಿದ್ದಾರೆ. ಅವರಿಗೆ ಬೇರೆ ಕೆಲಸವಿಲ್ಲವೇ ಎಂದು ಎಷ್ಟೋ ಸಲ ಅನ್ನಿಸಿದೆ. ಪ್ರತಿಯೊಂದರ ಕೆಳಗೂ ‘ಏಕೆ ತೊಂದರೆಯಿಲ್ಲ? ಒಂದು ಸಾಲು ಬರೆಯಿರಿ’ ಎಂದು ಬರೆದು ಕಳಿಸಿದರು. ನಲವತ್ತೊಂದು ಸಲ. ನಾನು ಉತ್ತರಿಸದೆ ಕೂತಾಗ ಫೋನು ಮಾಡಿದರು.

“ಏಕೆ ಅಂತ ಕೇಳಿದರೆ ಉತ್ತರವೇ ಇಲ್ಲವಲ್ಲಮ್ಮ.”

“ಎಲ್ಲಾ ನೋಡಿದ್ದೀನಿ ಸಾರ್. ಒಂದರಲ್ಲೂ ಹುರುಳಿಲ್ಲ.”

“ಹದಿಮೂರನೆಯದು ಹೇಳಿ, ಸಾಕು. ಡಿಗ್ರಿದು.”

ಹದಿಮೂರನೆಯದು ಹೀಗಿತ್ತು. ಫ್ಯಾಟಿನ ಅಳತೆ ಒಮ್ಮೆ ಮುಗಿದರೆ ಮುಗಿಯಿತು. ಡಿಗ್ರಿ ಅಳೆಯುವ ಸೆನ್ಸರು ಮಾತ್ರ ನಿಲ್ಲುವುದೇ ಇಲ್ಲ. ಪೈಪಿನಲ್ಲಿ ಏನಿದೆಯೋ ಅದನ್ನು ಅಳೆದು, ಕೊನೆಯ ಎಂಟು ಅಳತೆಗಳ ಸರಾಸರಿಯನ್ನು ಬರೆಯುತ್ತಲೇ ಇರುತ್ತದೆ. ಪ್ರಿಂಟರಿನವನು ಫ್ಯಾಟನ್ನು ಮೊದಲು ಓದಿ, ಅಚ್ಚು ಹಾಕಿ, ಆಮೇಲೆ ಡಿಗ್ರಿ ಓದುತ್ತಾನೆ. ಮಧ್ಯೆ ಯಾವ ಬೀಗವೂ ಇಲ್ಲ.

“ಓದುವವನಿಗೆ ಒಂದು ಗಳಿಗೆ ಹಳೆಯದು ಸಿಗುತ್ತೆ, ಇಲ್ಲ ಹೊಸದು ಸಿಗುತ್ತೆ. ಎರಡೂ ಅದೇ ಹಾಲಿಂದು ಸಾರ್. ಏನು ವ್ಯತ್ಯಾಸ?” ಎಂದೆ. ನನ್ನ ದನಿ ಜೋರಾಗಿಯೇ ಇತ್ತು.

ಅವರು, “ಅದನ್ನಾದರೂ ಬರೆಯಿರಿ. ಎರಡೂ ಅದೇ ಹಾಲಿಂದು ಅಂತ” ಎಂದರು. ಬರೆಯುತ್ತೇನೆ ಎಂದು ಫೋನು ಇಟ್ಟೆ. ಬರೆಯಲಿಲ್ಲ. ಮಷೀನುಗಳು ಲಾರಿ ಹತ್ತಲು ಕಾಯುತ್ತಿದ್ದವು, ಕಂಪನಿಯವರು ಆ ಹಿರಿಯರ ತಲೆ ತಿಂದರು, ಅವರೂ ಬೇಸತ್ತು ಒಪ್ಪಿಗೆ ಕೊಟ್ಟರು.

ಆ ಲಾರಿಯಲ್ಲಿ ಹೋದ ಮಷೀನುಗಳಲ್ಲಿ ಒಂದು ಚಿನಕುರಳಿ ಕಡೆಯ ನನ್ನತ್ತೆಯ ಊರಿನ ಡೈರಿಗೆ ಬಂತು. ಅಪ್ಪನ ಅಕ್ಕ ಅವಳು, ಗಂಡ ಹೋಗಿ ಬಹಳ ವರ್ಷವಾಯಿತು. ಊರಿನವರೆಲ್ಲ ಸೀಮೆಹಸು ಕಟ್ಟಿಕೊಂಡರೂ ಅವಳೊಬ್ಬಳು ಎಮ್ಮೆ ಬಿಡಲಿಲ್ಲ. ಹಾಲು ಕರೆಯುವ ಮುಂಚೆ ಕ್ಯಾನನ್ನು ತೊಳೆದು, ಹಳೆಯ ಪಂಚೆಯ ಬಟ್ಟೆಯಿಂದ ಒರೆಸಿ, ಹಿತ್ತಲ ಗೋಡೆಯ ಮೇಲೆ ಬೋರಲು ಹಾಕುತ್ತಾಳೆ. ಒಂದು ಹನಿ ನೀರು ಒಳಗಿದ್ದರೂ ಅವಳಿಗೆ ಆಗದು. ಮಷೀನು ಬಂದ ದಿನ ಸಾಲಿನಲ್ಲಿ ನಿಂತವರಿಗೆಲ್ಲ ‘ನಮ್ ಮಗ ಮಾಡಿರೋ ಮಷೀನು’ ಎಂದು ಹೇಳಿಕೊಂಡಳಂತೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆಯೇ ಫೋನು.

“ಮಗ, ನಿನ್ ಮಷೀನು ನನ್ ಆಲ್ಗೆ ನೀರು ಸೇರ್ಕಂಡದೆ ಅಂತದಲ್ಲವ್ವ.”

ಅವತ್ತು ಕರೆಂಟು ಹೋಗಿ ಎರಡು ಗಂಟೆಯಾಗಿತ್ತು. ಅದೊಂದು ನೆಪ, ಅಷ್ಟೇ. “ಅತ್ತೆ, ಮಷೀನು ಸುಳ್ಳು ಏಳಕಿಲ್ಲ. ಕ್ಯಾನು ತೊಳ್ದೋಳು ಸರ್ಯಾಗಿ ಬಗ್ಸಿಟ್ಟಿದ್ಯಾ, ನೋಡು” ಎಂದುಬಿಟ್ಟೆ. ಆ ಕಡೆ ಫೋನು ಕಟ್ಟಾಯಿತು. ನಾನು ಮತ್ತೆ ಮಾಡಲಿಲ್ಲ.

ಆ ಡೈರಿಯಲ್ಲಿ ಒಂದು ಕಟ್ಟಳೆಯಿದೆ. ಮೂರು ಸಲ ಡಿಗ್ರಿ ಇಳಿದು ಬಂದರೆ ಆ ಸದಸ್ಯರ ನಂಬರನ್ನು ಬಾಗಿಲ ಪಕ್ಕದ ಕರಿ ಬೋರ್ಡಿನ ಮೇಲೆ ‘ನೀರು’ ಎಂಬ ಪದದ ಕೆಳಗೆ ಬರೆಯುತ್ತಾರೆ. ಅದು ಅಳಿಸುವವರೆಗೆ ಅವರ ಹಾಲು ಹಾಕಿಸಿಕೊಳ್ಳುವುದಿಲ್ಲ. ನಂಬರು ಯಾರದು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅತ್ತೆಯ ನಂಬರು ಬೋರ್ಡು ಹತ್ತಿದ ದಿನ ಅವಳ ನೆರೆಯಾಕೆ ಫೋನು ಮಾಡಿ ನನಗೆ ಹೇಳಿದಳು: “ನಿಮ್ಮತ್ತೆ ಉಣ್ಣಾಕಿಲ್ಲ ಅಂತ ಕುಂತವ್ರೆ ಕಣವ್ವ. ನಂಬರ್ ಅಳುಸ್ದೆ ಓದ್ರೆ ಎಮ್ಮೆ ಮಾರ್ಬುಡ್ತೀನಿ ಅಂತಾವ್ರೆ.”

ಆಗ ಎಚ್ಚೆತ್ತು ಕಂಪನಿಯ ಮೆಕ್ಯಾನಿಕ್ಕಿಗೆ ಹೇಳಿದೆ. ಶ್ರೀರಂಗಪಟ್ಟಣದ ಸಾಬರು ಅವರು, ಬೈಕಿನಲ್ಲಿ ನಾಲ್ಕು ತಾಲ್ಲೂಕು ಸುತ್ತುವವರು. ಹೋಗಿ ನೋಡಿ ಬಂದು, “ಮಷೀನ್ ಬರಾಬರ್ ಐತೆ ಮೇಡಂ. ಅದೇ ಮಾಲು ನಾಗಮಂಗ್ಲ ಕಡೆ ಎಲ್ಲಾ ಡೈರೀಲೂ ಓಡ್ತಾ ಐತೆ, ಒಂದೂ ಕಂಪ್ಲೇಂಟ್ ಇಲ್ಲ. ಅಮ್ಮಾವ್ರಿಗೆ ನೀವೇ ಸ್ವಲ್ಪ ಸಮಜಾಯಿಸಿ” ಎಂದರು. ಅವರ ಮೇಲೂ ಸಿಟ್ಟು ಬಂತು. ಅತ್ತೆಗೆ ಸಮಜಾಯಿಸಬೇಕಂತೆ!

ಭಾನುವಾರ ನಾನೇ ಹೋದೆ. ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ, ನೇರವಾಗಿ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಒಣ ಕ್ಯಾನನ್ನು ನನ್ನ ಮುಖದ ಹತ್ತಿರ ತಂದು ಬಗ್ಗಿಸಿ ತೋರಿಸಿದಳು. ಅದೇ ಕ್ಯಾನಿಗೆ ಹಾಲು ಕರೆದಳು. ಕ್ಯಾನನ್ನು ನನ್ನ ಕೈಗೆ ಕೊಟ್ಟು, “ಓಗು, ನೀನೇ ಆಕ್ಸು. ನಾನು ಅಲ್ಗೆ ಬರಾಕಿಲ್ಲ” ಎಂದಳು.

ಡೈರಿಯಲ್ಲಿ ನನ್ನ ಮುಂದೆ ಹತ್ತು ಹನ್ನೆರಡು ಜನ. ಕ್ಯಾನುಗಳನ್ನು ಸಾಲಾಗಿಟ್ಟು ಪಕ್ಕದಲ್ಲಿ ಮಾತಾಡುತ್ತಿದ್ದವರು ನನ್ನನ್ನು ನೋಡಿ ಮಾತು ತಗ್ಗಿಸಿದರು. ಬೋರ್ಡಿನ ಮೇಲೆ ಅತ್ತೆಯ ನಂಬರು ದಪ್ಪಗೆ ಕಾಣುತ್ತಿತ್ತು. ಸೆಕ್ರೆಟರಿ ಒಳ್ಳೆಯ ಮನುಷ್ಯ. “ಆಕುಸ್ಕಳಾಕಾಗಾಕಿಲ್ಲ ಕಣವ್ವ, ಬೇಕಾದ್ರೆ ಟೆಸ್ಟ್ ಮಾಡ್ಕೊಡ್ತೀನಿ” ಎಂದು ಪೈಪು ಅದ್ದಿದರು. ಮಷೀನು ಹೀರಿತು, ಪಿಂಯ್ ಎಂದಿತು. ಪ್ರಿಂಟರು ಕರಕರ ಎನ್ನುತ್ತಾ ಸ್ಲಿಪ್ಪು ಹೊರಹಾಕತೊಡಗಿತು. ಫ್ಯಾಟು ಅಷ್ಟೂ ಜನರಿಗಿಂತ ಹೆಚ್ಚು. ಡಿಗ್ರಿ ಕೆಳಗೆ. ನೀರು.

ನನ್ನ ಕಣ್ಣ ಮುಂದೆ ಕರೆದ ಹಾಲು. ನಾನೇ ಹೊತ್ತು ತಂದದ್ದು. ಸ್ಲಿಪ್ಪು ಹಿಡಿದುಕೊಂಡು ಮಷೀನಿನ ಕಡೆ ನೋಡಿದೆ. ಆಗ ಕಂಡಿತು. ಪೈಪು ಒಂದು ನೀರಿನ ಮಗ್ಗಿನಲ್ಲಿತ್ತು. ಮಷೀನು ಪಿಂಯ್ ಎಂದದ್ದೇ ತಡ, ಸ್ಲಿಪ್ಪು ಬರುವ ಮೊದಲೇ ಸೆಕ್ರೆಟರಿ ಪೈಪನ್ನು ಹಾಲಿನಿಂದ ತೆಗೆದು ಮಗ್ಗಿಗೆ ಅದ್ದಿದ್ದರು.

“ಅಣ್ಣ, ಇದ್ಯಾಕೆ ಇಷ್ಟು ಬೇಗ ತೊಳೀತೀರಿ? ಬೇರೆಯವ್ರುದು ತೊಳೀಲಿಲ್ವಲ್ಲ?”

“ಎಮ್ಮೆ ಆಲಲ್ವಾ ಕಣವ್ವ, ಜಿಡ್ಡು. ಪೈಪ್ಗೆ ಅಂಟ್ಕಬುಡ್ತದೆ. ತಕ್ಷಣ ನೀರ್ಗೆ ಅದ್ದುದ್ರೆ ಬುಟ್ಕತದೆ, ಇಲ್ದಿದ್ರೆ ಇಂದೆ ನಿಂತೋರ್ಗೆ ಫ್ಯಾಟು ಜಾಸ್ತಿ ಬಂದ್ಬುಡ್ತದೆ. ಅವ್ರಿಗೂ ನ್ಯಾಯ ಆಗ್ಬೇಕಲ್ಲ” ಎಂದರು.

ಹದಿಮೂರನೆಯದು. ಎರಡೂ ಅದೇ ಹಾಲಿಂದು ಎಂದು ನಾನು ಕಿರುಚಿದ್ದೆನಲ್ಲ, ಎರಡೂ ಅದೇ ಹಾಲಿನದಲ್ಲ. ಪ್ರಿಂಟರಿನವನು ಫ್ಯಾಟನ್ನು ಓದುವಾಗ ಪೈಪಿನಲ್ಲಿದ್ದದ್ದು ಅತ್ತೆಯ ಎಮ್ಮೆಯ ಹಾಲು. ಅದನ್ನು ಅಚ್ಚು ಹಾಕಿ ಡಿಗ್ರಿ ಓದುವಷ್ಟರಲ್ಲಿ ಪೈಪಿನಲ್ಲಿದ್ದದ್ದು ಮಗ್ಗಿನ ನೀರು. ಎಂಟು ಅಳತೆಯಲ್ಲಿ ಒಂದೆರಡು ನೀರಿನದು ಸೇರಿದರೆ ಸಾಕು, ಡಿಗ್ರಿ ನಂಬುವಷ್ಟು ಮಾತ್ರ ಇಳಿಯುತ್ತದೆ. ಪೂರ್ತಿ ನೀರಿನದೇ ಬಂದಿದ್ದರೆ ಯಾರಾದರೂ ನಕ್ಕು ಮಷೀನು ಕೆಟ್ಟಿದೆ ಎನ್ನುತ್ತಿದ್ದರು. ಬೇರೆಯವರ ಹಾಲಿನ ಹಿಂದೆ ಬರುವುದು ಇನ್ನೊಂದು ಹಾಲು, ಅಲ್ಲಿ ವ್ಯತ್ಯಾಸ ಗೊತ್ತೇ ಆಗದು. ನಾಗಮಂಗಲದ ಕಡೆ ಎಲ್ಲ ಮುಗಿದ ಮೇಲೆ ತೊಳೆಯುತ್ತಾರೆ. ಊರಿನಲ್ಲೆಲ್ಲ ಗಟ್ಟಿ ಹಾಲು ಅತ್ತೆಯದು, ಅದಕ್ಕೇ ಅದರ ಹಿಂದೆ ನೀರು. ನೀರು ಬೆರೆಸಿದ್ದು ನನ್ನ ಕೋಡು.

ಆಗ, ಅಲ್ಲೇ, ಆ ಸಾಲಿನ ಮುಂದೆ ಹೇಳಬೇಕಿತ್ತು. ಹೇಳಲಿಲ್ಲ. ಬದಲಾಗಿ “ಅಣ್ಣ, ಸ್ಲಿಪ್ಪು ಪೂರ್ತಿ ಬಂದ ಮೇಲೆ ತೊಳೀರಿ, ಮಷೀನ್ಗೆ ಒಳ್ಳೇದು” ಎಂದು ಬುದ್ಧಿವಂತಳ ಹಾಗೆ ಹೇಳಿ ಹೊರಬಂದೆ. ಮೊದಲು ಸರಿಮಾಡಿ, ಪರೀಕ್ಷೆ ಮಾಡಿ, ಒಪ್ಪಿಗೆ ತೆಗೆದುಕೊಂಡು, ಆಮೇಲೆ ಹೇಳೋಣ ಎಂದುಕೊಂಡೆ. ಕಂಪನಿಗೆ ಹೇಳದೆ ಊರಿಗೆ ಹೇಳಬಾರದು ಎಂದೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ ಆ ಹನ್ನೆರಡು ಜನರ ಮುಂದೆ ‘ನಮ್ ಮಗ ಮಾಡಿರೋ ಮಷೀನು’ ಎಂದು ಹೇಳಿಕೊಂಡಿದ್ದ ಅತ್ತೆಯ ಮಾತನ್ನು ನಾನೇ ಮುರಿಯಬೇಕಾಗಿತ್ತು, ಅದಕ್ಕೆ ನನಗೆ ಬಾಯಿ ಬರಲಿಲ್ಲ. ಅತ್ತೆಗೆ ಮಾತ್ರ, “ಒಂದು ನಾಕ್ ದಿನ ತಡಿ, ನೋಡ್ತೀನಿ” ಎಂದೆ. ಅವಳು ಖಾಲಿ ಮಾಡದ ಕ್ಯಾನನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಸರಿಮಾಡಲು ಬೇಕಾದದ್ದು ಅರ್ಧ ಗಂಟೆ. ಬೀಗವೊಂದನ್ನೇ ಹಾಕಿದ್ದರೆ ಸಾಲುತ್ತಿರಲಿಲ್ಲ. ಅಳತೆ ಮುಗಿದ ಗಳಿಗೆಯಲ್ಲೇ ಫ್ಯಾಟು, ಡಿಗ್ರಿ ಎರಡನ್ನೂ ಒಟ್ಟಿಗೆ ತೆಗೆದು ಬೇರೆ ಕಡೆ ಇಟ್ಟು, ಪ್ರಿಂಟರಿನವನಿಗೆ ಅಲ್ಲಿಂದಲೇ ಓದು ಎನ್ನಬೇಕಿತ್ತು. ‘ಎರಡೂ ಅದೇ ಹಾಲಿಂದು’ ಎಂಬ ಒಂದು ಸಾಲನ್ನು ಬರೆಯಲು ಕೂತಿದ್ದರೆ, ‘ಹೌದೇ?’ ಎಂದು ನನಗೇ ಅನ್ನಿಸುತ್ತಿತ್ತು. ಹಿರಿಯರಿಗೆ ಕಳಿಸಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ತಾಲ್ಲೂಕಿನ ಮಷೀನಿಗೂ ಹೋಗಬೇಕಾದದ್ದು, ಪರೀಕ್ಷೆ ಪೂರ್ತಿಯಾಗಲಿ ಎಂದರು. ಅದಕ್ಕೆ ಹತ್ತು ದಿನ ಹಿಡಿಯಿತು. ಪ್ರತಿದಿನವೂ ನಾಳೆ ಅತ್ತೆಗೆ ಹೇಳುತ್ತೇನೆ ಎಂದುಕೊಂಡೆ.

ಹನ್ನೊಂದನೆಯ ದಿನ ಬೆಳಿಗ್ಗೆ ಮೆಕ್ಯಾನಿಕ್ಕಿನ ಜೊತೆ ಹೋಗಿ ಮಷೀನಿಗೆ ಹೊಸ ಕೋಡು ಹಾಕಿಸಿದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ: ತಪ್ಪು ಮಷೀನಿನದು, ಮಷೀನಿನ ಒಳಗೆ ಬರೆದದ್ದು ನಾನು, ನಮ್ಮತ್ತೆಯ ಹಾಲಿನಲ್ಲಿ ಒಂದು ಹನಿಯೂ ನೀರಿರಲಿಲ್ಲ. ಯಾರೋ, “ನಾವ್ ಅವತ್ತೇ ಅಂದ್ಕಂಡೋ” ಎಂದರು. ಸುಳ್ಳು, ಒಬ್ಬರೂ ಅಂದುಕೊಂಡಿರಲಿಲ್ಲ, ನಾನೂ ಸೇರಿದ ಹಾಗೆ. ಸೆಕ್ರೆಟರಿಯ ಮುಖ ಸಣ್ಣದಾಯಿತು. ಒದ್ದೆ ಬಟ್ಟೆ ತಂದು ನಂಬರನ್ನು ಅವರೇ ಒರೆಸಿದರು. “ನಾನೇ ಮನೆತಾವ್ಕೆ ಬಂದು ಏಳ್ತೀನಿ ಕಣವ್ವ. ಇವತ್ ಸಾಯಂಕಾಲ್ದಿಂದ್ಲೇ ಆಲು ತರಾಕೇಳು” ಎಂದರು.

ಓಡುವ ಹೆಜ್ಜೆಯಲ್ಲಿ ಅತ್ತೆಯ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೇಳಿಸಿಕೊಂಡಳು.

“ಅಳುಸುದ್ರಾ?”

“ಅಳುಸುದ್ರು ಅತ್ತೆ. ಸಾಯಂಕಾಲ್ದಿಂದ ಆಲು ತಕಬಾ ಅಂದ್ರು.”

“ಎಮ್ಮೆ ಎಲ್ಲದೆ?” ಎಂದಳು. “ಮೊನ್ನೆ ಬೂಕನಕೆರೆಯೋರು ಬಂದು ಒಡ್ಕಂಡೋದ್ರು. ಕರ್ದಿದ್ದ ಆಲ ಯಾರ್ಗೆ ಉಯ್ಯಾನ? ನೀರಾಲು ಅಂತ ಪಕ್ಕದ ಮನೇರೂ ಇಸ್ಕಳಾಕಿಲ್ಲ ಅಂದ್ಬುಟ್ರು.”

ಮೊನ್ನೆ. ನಾನು ಪರೀಕ್ಷೆಯ ವರದಿ ಮುಗಿಯಲೆಂದು ಕಾಯುತ್ತಿದ್ದ ದಿನ. ಆ ಭಾನುವಾರ ಒಂದು ಮಾತು ಆಡಿದ್ದರೆ ಸಾಕಿತ್ತು.

ಮಾರನೆಯ ದಿನವೇ ಬಸ್ಸು ಹಿಡಿದು ಕೆ.ಆರ್. ಪೇಟೆ ಕಡೆಗೆ ಹೊರಟು ಬೂಕನಕೆರೆಯಲ್ಲಿ ಆ ಮನೆ ಹುಡುಕಿಕೊಂಡು ಹೋದೆ. ಎಮ್ಮೆ ಬೇವಿನ ಮರದ ಕೆಳಗೆ ಮೇಯುತ್ತಾ ನಿಂತಿತ್ತು, ನನ್ನನ್ನು ಗುರುತಿಸುವ ಗೋಜಿಗೂ ಹೋಗಲಿಲ್ಲ. ಮನೆಯಾಕೆ ಮಜ್ಜಿಗೆ ಕೊಟ್ಟು ಕೂರಿಸಿ ಎಲ್ಲ ಕೇಳಿಸಿಕೊಂಡಳು. “ಬೇಜಾರ್ ಮಾಡ್ಕಬ್ಯಾಡ ಕಣಕ್ಕ, ಕೊಡಾಕಿಲ್ಲ. ಇಂಥ ಗಟ್ಟಿ ಆಲು ನಾವ್ ಕಂಡೇ ಇಲ್ಲ” ಎಂದಳು. ಮಜ್ಜಿಗೆ ಕುಡಿದು ಎದ್ದು ಬಂದೆ.

ಸಂಜೆ ಅತ್ತೆಗೆ ಅದನ್ನೂ ಹೇಳಿದೆ. ಕೊನೆಯ ಮಾತನ್ನು ಕೇಳಿದಾಗ ಮಾತ್ರ ಅವಳ ಮುಖ ಸ್ವಲ್ಪ ಸಡಿಲವಾಯಿತು. ಎದ್ದು ಹೋಗಿ ನನಗೆ ಕಾಫಿ ತಂದಳು, ಅಂಗಡಿಯ ಪ್ಯಾಕೆಟ್ಟಿನ ಹಾಲಿನದು. ನಾನು ಕುಡಿಯುವುದನ್ನೇ ನೋಡುತ್ತಾ ಕೂತಿದ್ದು ಕೇಳಿದಳು.

“ಅಲ್ಲಾ ಮಗ, ಆ ಮಷೀನೊಳಗೆ ನೀನು ಏನೋ ಬರ್ದಿದ್ದೆ ಅಂದ್ಯಲ್ಲ. ಏನಂತ ಬರ್ದಿದ್ದೆ?”

“ತೊಂದ್ರೆ ಇಲ್ಲ ಅಂತ ಬರ್ದಿದ್ದೆ ಅತ್ತೆ.”

“ಯಾರ್ಗೆ?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನಾನು ಲೋಟ ಕೆಳಗಿಟ್ಟೆ.

ಮಾರನೆಯ ಬೆಳಿಗ್ಗೆ ಕೋಡು ತೆರೆದು ಕೂತೆ. ಹದಿಮೂರನೆಯದು ಹೋಗಿ ಇನ್ನೂ ನಲವತ್ತು ಕಡೆ ಅದೇ ಅಂಟಿಸಿದ ಮಾತು ಇತ್ತು. ಮೊದಲನೆಯದು ಪೈಪು ಎಷ್ಟು ಸಲ ಹೀರಿತು ಎಂದು ಎಣಿಸುವ ಆ ಲೆಕ್ಕ, ಯಾತಕ್ಕೂ ಬೇಡದ್ದು. ‘ತೊಂದರೆಯಿಲ್ಲದ ರೇಸ್’ ಎಂಬುದನ್ನು ಅಳಿಸಿದೆ. ಯಾರಿಗೆ ಎಂದು ಬರೆಯಬೇಕಿತ್ತು. ಆ ಲೆಕ್ಕವನ್ನು ಎಲ್ಲೆಲ್ಲಿ ಯಾರು ಓದುತ್ತಾರೆ ಎಂದು ಹುಡುಕುತ್ತಾ ಹೋದೆ, ಕರೆಂಟು ಹೋಯಿತು, ಬಂತು, ಮತ್ತೆ ಹುಡುಕಿದೆ. ಸಂಜೆ ಊರಿನಲ್ಲಿ ಹಾಲು ಕರೆಯುವ ಹೊತ್ತಾದಾಗಲೂ ನಾನು ಆ ಮೊದಲನೆಯದರ ಮುಂದೆಯೇ ಕೂತಿದ್ದೆ.